ದೋಣಿ ನಿಂತಿದ್ದ ಓಣಿ

ಕೆರಿನ್ ಹಿತ್ತಲಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಮಗಳು ಮಾರ್ಲಿಯ ಶಾಲೆಯ ಹಸಿರು ಅಂಗಿಯ ಒಂದು ಭುಜಕ್ಕೆ ಕ್ಲಿಪ್ಪು ಸಿಕ್ಕಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಒಳಗೆ ಅಡುಗೆಕಟ್ಟೆಯ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಈಚೆಗೆ ಬೆಳಿಗ್ಗೆ ಶಾಲೆಯ ಹೊತ್ತಿಗೆ ಫೋನು ಬಂದರೆ ಅವಳಿಗೆ ಹೆದರಿಕೆ. ಅಂಗಿಯನ್ನು ಒಂದೇ ಕ್ಲಿಪ್ಪಿನಲ್ಲಿ ಜೋತಾಡಲು ಬಿಟ್ಟು ಒಳಗೋಡಿದಳು.

ಡೆನೀಸ್. ಎರಡು ಬೀದಿ ಆಚೆ ಇರುವವಳು. ದಿನಾ ಬೆಳಿಗ್ಗೆ ತನ್ನ ಮಕ್ಕಳ ಜೊತೆಗೆ ಮಾರ್ಲಿಯನ್ನೂ ಕಾರಿನಲ್ಲಿ ತುಂಬಿಕೊಂಡು ಶಾಲೆಗೆ ಬಿಡುತ್ತಿದ್ದವಳು.

"ಸಾರಿ ಕಣೇ ಕೆರಿನ್, ಇವತ್ತು ನನ್ನ ನಂಬ್ಕೋಬೇಡ. ಚಿಕ್ಕೋಳಿಗೆ ರಾತ್ರಿಯೆಲ್ಲಾ ವಾಂತಿ. ಕಾರಲ್ಲೂ ಮಾಡ್ಬಿಟ್ಟಿದ್ದಾಳೆ. ನಾನಿನ್ನೂ ಸೀಟು ಒರೆಸ್ತಾ ಕೂತಿದ್ದೀನಿ."

"ಅಯ್ಯೋ, ಅದಕ್ಕ್ಯಾಕೆ ಸಾರಿ? ಮೊದ್ಲು ಮಗೂನ ನೋಡ್ಕೋ," ಎಂದಳು ಕೆರಿನ್. ಫೋನಿಟ್ಟ ಮೇಲೆ ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹಿತ್ತಲಿನ ತಗಡಿನ ಬೇಲಿಯ ಮೇಲೆ, ಇನ್ನೊಂದು ಸಾಲು ಮನೆಗಳ ಆಚೆಗೆ, ಶಾಲೆಯ ನೀಲಿ ಚಾವಣಿ ಕಾಣುತ್ತಿತ್ತು. ಆಟದ ಬಯಲಿನಲ್ಲಿ ಮಾಸ್ತರರು ಊದುವ ಸೀಟಿ ಇಲ್ಲಿಗೆ ಕೇಳುತ್ತಿತ್ತು. ಅಷ್ಟು ಹತ್ತಿರ. ಆದರೆ ಹೋಗಬೇಕೆಂದರೆ ಮುಂಬಾಗಿಲಿಂದ ಹೊರಟು, ಬಳುಕಿ ಬಳುಕಿ ಹೋಗುವ ಬೀದಿಗಳನ್ನೆಲ್ಲ ದಾಟಿ, ಮರಳು ಲಾರಿಗಳು ಓಡಾಡುವ ಹೆದ್ದಾರಿಗೆ ಬಿದ್ದು, ದೊಡ್ಡ ಸರ್ಕಲ್ಲು ಸುತ್ತಿ, ಮತ್ತೆ ಅಷ್ಟೇ ದೂರ ಒಳಗೆ ಬರಬೇಕು. ಪರ್ತ್ ನಗರದ ಉತ್ತರದ ಅಂಚಿನ ಈ ಬಡಾವಣೆಯಲ್ಲಿ ಎಲ್ಲ ಬೀದಿಗಳೂ ಹಾಗೆಯೇ. ಒಂದು ತುದಿಯಲ್ಲಿ ಬಾಯಿ, ಇನ್ನೊಂದು ತುದಿ ಮುಚ್ಚಿದ್ದು. ಕಾರು ಓಡಿಸುತ್ತಿದ್ದಾಗ ಕೆರಿನ್‌ಗೆ ಅದೊಂದು ದೂರವೆಂದೇ ಅನಿಸಿರಲಿಲ್ಲ.

ಎರಡು ತಿಂಗಳ ಹಿಂದೆ, ಇದೇ ಅಡುಗೆಮನೆಯಲ್ಲಿ, ಇದೇ ಹೊತ್ತಿನಲ್ಲಿ, ಅವಳು ಫಿಟ್ಸ್ ಬಂದು ಬಿದ್ದಿದ್ದಳು. ಅದಕ್ಕೆ ಮುಂಚೆ ಎಂದೂ ಬಂದದ್ದಲ್ಲ. ಗಂಡ ಡ್ಯಾರೆಲ್ ಎಂದಿನಂತೆ ದೂರದ ಉತ್ತರದ ಕಬ್ಬಿಣದ ಗಣಿಯಲ್ಲಿದ್ದ. ಅವನದು ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಮನೆಯಲ್ಲಿದ್ದದ್ದು ಎಂಟು ವರ್ಷದ ಮಾರ್ಲಿ ಒಬ್ಬಳೇ. ಆಂಬುಲೆನ್ಸಿಗೆ ಫೋನು ಮಾಡಿ, ಮನೆಯ ವಿಳಾಸ ತಪ್ಪಿಲ್ಲದೆ ಹೇಳಿ, ಬಾಗಿಲು ತೆಗೆದಿಟ್ಟು, ಅಮ್ಮನ ತಲೆಯ ಕೆಳಗೆ ದಿಂಬು ಕೊಟ್ಟು ಕೂತಿದ್ದಳಂತೆ. ಬಂದವರೆಲ್ಲ ಮಗುವನ್ನು ಹೊಗಳಿದ್ದೇ ಹೊಗಳಿದ್ದು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಆರು ತಿಂಗಳು ಮತ್ತೆ ಬರದೇ ಇದ್ರೆ ಆಮೇಲೆ ಸ್ಟಿಯರಿಂಗ್ ಮುಟ್ಟಬಹುದು. ಅಲ್ಲಿವರೆಗೂ ಖಡಾಖಂಡಿತ ಬೇಡ," ಎಂದಿದ್ದರು.

ಅವತ್ತಿನಿಂದ ಮಾರ್ಲಿ ಏನನ್ನೋ ಕೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ, ಹಲ್ಲುಜ್ಜುವಾಗ, ದೀಪ ಆರಿಸುವಾಗ. "ಏನು ಪುಟ್ಟಾ?" ಎಂದರೆ "ಏನಿಲ್ಲ." ಕೆರಿನ್ ಬಲವಂತ ಮಾಡುತ್ತಿರಲಿಲ್ಲ. ಮಕ್ಕಳ ಬಾಯಿಂದ ಮಾತು ಹಾಗೆ ಎಳೆದರೆ ಬರುವಂಥದ್ದಲ್ಲ. ಹಿಂದೆಲ್ಲ ಅವಳು ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಿದ್ದದ್ದು ಶಾಲೆಗೆ ಹೋಗುವಾಗ, ಹಿಂದಿನ ಸೀಟಿನಲ್ಲಿ ಕೂತು, ಅಮ್ಮನ ಬೆನ್ನಿಗೆ. ಈಗ ಡೆನೀಸಳ ಕಾರಿನಲ್ಲಿ ಇನ್ನು ಮೂರು ಮಕ್ಕಳು, ಜೋರಾಗಿ ರೇಡಿಯೋ.

ಇದರ ಮೇಲೆ ಕೆರಿನ್‌ಳ ಅಕ್ಕ ಶೋನಾ ಬೇರೆ. ಅವಳಿರುವುದು ಜೆರಾಲ್ಡ್‌ಟನ್ನಿನಲ್ಲಿ, ಕಾರಿನಲ್ಲಿ ಅರ್ಧ ದಿನದ ದಾರಿ. ವಾರಕ್ಕೊಮ್ಮೆ ಫೋನು ಮಾಡಿ ಅದದನ್ನೇ ಹೇಳುತ್ತಿದ್ದಳು. "ಮಾರ್ಲೀನ ಇಲ್ಲಿ ಕಳ್ಸಿಬಿಡು ಕೆರಿನ್. ಶಾಲೆ ನಮ್ಮನೆ ಎದುರಿಗೇ ಇದೆ. ಕ್ರಿಸ್‌ಮಸ್‌ವರೆಗೂ ಇರಲಿ. ಎಷ್ಟು ದಿನ ಅಂತ ಅವರಿವರ ಕಾರಿಗೆ ಕಾಯ್ತೀಯಾ? ನಾಳೆ ಆ ಡೆನೀಸ್ ಆಗಲ್ಲ ಅಂದ್ರೆ?" ಹೊಸ ಮಂಚವನ್ನೂ ತಂದಿಟ್ಟಿದ್ದಳು. ಅವಳು ಹೇಳುವುದರಲ್ಲಿ ಯಾವ ತಪ್ಪೂ ಇರಲಿಲ್ಲ. ಅದೇ ಕೆರಿನ್‌ಗೆ ಕಷ್ಟ. ಶಾಲೆಗೆ ರಜೆ ಶುರುವಾಗುವುದರೊಳಗೆ ಹೂಂ ಅಥವಾ ಉಹೂಂ ಎನ್ನಬೇಕಿತ್ತು.

"ಮಾರ್ಲೀ, ಶೂ ಹಾಕ್ಕೋ," ಎಂದು ಕೂಗಿದಳು ಕೆರಿನ್. "ಇವತ್ತು ನಡ್ಕೊಂಡು ಹೋಗೋಣ."

"ನಡ್ಕೊಂಡಾ?" ಮಾರ್ಲಿ ಕೋಣೆಯಿಂದ ತಲೆ ಹೊರಹಾಕಿದಳು. "ಶಾಲೆಗಾ?"

ಬೀದಿಯಲ್ಲಿ ಫುಟ್‌ಪಾತ್ ಇರಲಿಲ್ಲ. ಮನೆಗಳ ಮುಂದಿನ ಹುಲ್ಲಿನ ಮೇಲೆಯೇ ನಡೆಯಬೇಕು, ಹುಲ್ಲಿಗೆ ನೀರು ಚಿಮ್ಮಿಸುವ ನಳಿಕೆಗಳು ಒಂದಾದ ಮೇಲೊಂದು ತಿರುಗಿ ತಿರುಗಿ ಇಬ್ಬರ ಮೊಣಕಾಲವರೆಗೂ ತೋಯಿಸಿದವು. ಹೆದ್ದಾರಿಗೆ ಬರುವ ಮೊದಲೇ ಒಂದು ಬಿಳಿ ಕಾರು ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಇಳಿಯಿತು. ಒಳಗೆ ಎರಡು ದೊಡ್ಡ ನಾಯಿಗಳ ನಡುವೆ ಒಬ್ಬಳು ಹೆಂಗಸು.

"ಕಾರು ಕೈಕೊಡ್ತಾ?"

"ಇಲ್ಲ, ನಡ್ಕೊಂಡು ಹೋಗ್ತಿದ್ದೀವಿ."

"ಎಲ್ಲಿಗೆ?"

"ಶಾಲೆಗೆ."

"ಅಯ್ಯೋ ಪಾಪ," ಎಂದಳು ಆಕೆ, ಯಾರೋ ಸತ್ತ ಸುದ್ದಿ ಕೇಳಿದವರ ಹಾಗೆ. "ನಾಯಿ ಇಲ್ದೇ ಇದ್ದಿದ್ರೆ ಹತ್ತಿಸ್ಕೊಳ್ತಿದ್ದೆ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಏಣಿ ಕಟ್ಟಿಕೊಂಡ ಪೇಂಟರನೊಬ್ಬ ಎದುರಿನಿಂದ ಬಂದವನು ನಿಲ್ಲಿಸಿ, "ಪೆಟ್ರೋಲ್ ಖಾಲೀನಾ? ಡಬ್ಬೀಲಿ ಸ್ವಲ್ಪ ಇದೆ," ಎಂದ. ಅವನಿಗೂ ಧನ್ಯವಾದ ಹೇಳಿ ಕಳಿಸಿದ್ದಾಯಿತು. ಮೂರನೆಯ ಕಾರು ಬರೀ ನಿಧಾನ ಮಾಡಿ, ಕಣ್ಣು ಬಿಟ್ಟು ನೋಡಿ, ಹೋಯಿತು.

"ಅಮ್ಮಾ, ನಾವು ಕಳೆದುಹೋದೋರ ಥರ ಕಾಣ್ತಿದ್ದೀವಾ?" ಎಂದಳು ಮಾರ್ಲಿ.

ಕೆರಿನ್‌ಗೆ ನಗು ತಡೆಯಲಾಗಲಿಲ್ಲ. ಮಾರ್ಲಿಯೂ ನಕ್ಕಳು. ನಗು ನಿಂತ ಮೇಲೆ ಮಗಳ ಬೆರಳುಗಳು ಅವಳ ಕೈಯೊಳಗೆ ಬಿಗಿಯಾದವು. ಸರ್ಕಲ್ಲಿನ ಅಂಚಿನಲ್ಲಿ ದಾಟಲು ಕಾಯುತ್ತ ನಿಂತಿದ್ದಾಗ, "ಅಮ್ಮಾ..." ಎಂದಳು, ಏನನ್ನೋ ಕೇಳಹೊರಟ ಆ ಧ್ವನಿಯಲ್ಲಿ. ಕೆರಿನ್ ಬಗ್ಗಿದಳು. ಅಷ್ಟರಲ್ಲಿ ಜೋಡಿ ಟ್ರೈಲರಿನ ಮರಳು ಲಾರಿ ಮೈಮೇಲೆ ಬಂದಂತೆ ಗುಡುಗಿಕೊಂಡು ಹೋಯಿತು. ಧೂಳು ಕಣ್ಣಿಗೆ ಬಿತ್ತು. ಕಣ್ಣುಜ್ಜಿಕೊಂಡು ನೋಡಿದರೆ ಮಾರ್ಲಿಯ ಬಾಯಿ ಮುಚ್ಚಿಹೋಗಿತ್ತು.

"ಏನೋ ಹೇಳ್ತಿದ್ಯಲ್ಲ?"

"ಏನಿಲ್ಲ. ಈಗ ಖಾಲಿ ಇದೆ, ಓಡು."

ಶಾಲೆಗೆ ಮುಟ್ಟುವ ಹೊತ್ತಿಗೆ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಆಫೀಸಿನಲ್ಲಿದ್ದ ಹೆಂಗಸು ತಡವಾಗಿ ಬಂದವರ ಚೀಟಿ ಬರೆಯುತ್ತ ಒದ್ದೆಯಾದ ನಾಲ್ಕು ಶೂಗಳನ್ನು ನೋಡಿದಳು.

"ಹಿಂದುಗಡೆ ಒಂದು ಸಣ್ಣ ಗೇಟಿದೆ, ನಿಮ್ಮನೆ ಕಡೆಗೇ. ಆದ್ರೆ ಬೀಗ ಹಾಕಿದಾರೆ. ಆ ಕಡೆಯಿಂದ ಯಾರೂ ನಡ್ಕೊಂಡು ಬರಲ್ವಲ್ಲ."

"ಓಣಿ ಮುಚ್ಚಿದ್ರೆ ಹೇಗೆ ಬರ್ತಾರೆ?" ಎಂದಳು ಕೆರಿನ್, ಮೆಲ್ಲಗೇ.

ಆ ಹೆಂಗಸು ಪೆನ್ನು ಹಿಡಿದ ಹಾಗೇ ಒಂದು ಗಳಿಗೆ ಯೋಚಿಸಿದಳು. "ಅದೂ ಹೌದು," ಎಂದಳು.

ಓಣಿ ಇದ್ದದ್ದು ಕೆರಿನ್‌ಳ ಪಕ್ಕದ ಮನೆಯ ಮಗ್ಗುಲಲ್ಲೇ. ನೆವ್‌ನ ಮನೆ. ಮೊದಲು ಅದು ಈ ಬೀದಿಯ ಕೊನೆಯಿಂದ ನೇರವಾಗಿ ಶಾಲೆಯ ಹಿಂದಿನ ಬೀದಿಗೆ ಹೋಗುತ್ತಿತ್ತಂತೆ. ಕೆರಿನ್ ಇಲ್ಲಿಗೆ ಬರುವ ಮುಂಚೆ, ಯಾರು ಯಾರೋ ಹುಡುಗರು ಅಲ್ಲಿ ಕುಡಿದು ಬಾಟಲಿ ಒಡೆಯುತ್ತಿದ್ದರೆಂದು, ಬೇಲಿ ಹತ್ತುತ್ತಿದ್ದರೆಂದು, ಬೀದಿಯವರೆಲ್ಲ ಅರ್ಜಿ ಹಾಕಿ ಮುಚ್ಚಿಸಿದ್ದರು. ಇಂಥ ಓಣಿಗಳನ್ನು ಈ ಊರಲ್ಲಿ ಹೀಗೆ ಎಷ್ಟೋ ಕಡೆ ಮುಚ್ಚಿಸಿದ್ದರು. ಆಚೆ ತುದಿಗೆ ನಗರಸಭೆಯವರು ಆಳೆತ್ತರದ ಸುಣ್ಣಕಲ್ಲಿನ ಗೋಡೆ ಕಟ್ಟಿದರು. ಈಚೆ ತುದಿಗೆ ಬೀಗದ ಗೇಟು. ನಡುವಿನ ಜಾಗವನ್ನು ನೆವ್ ಬಾಡಿಗೆಗೆ ತೆಗೆದುಕೊಂಡು ತನ್ನ ದೋಣಿ ನಿಲ್ಲಿಸಿದ. ಆ ದೋಣಿಯ ಮೋಟಾರನ್ನು ಅವನು ಪ್ರತಿ ಬೇಸಿಗೆಯಲ್ಲೂ ಇನ್ನೇನು ರಿಪೇರಿ ಮಾಡುವವನಿದ್ದ.

ಕೆರಿನ್ ಮನೆಗೆ ಮರಳಿದಾಗ ನೆವ್ ಮಡಚುವ ಕುರ್ಚಿಯಲ್ಲಿ ಕೂತು ಅದೇ ಮೋಟಾರಿನ ಯಾವುದೋ ತುಂಡಿಗೆ ಎಣ್ಣೆ ಹಚ್ಚುತ್ತಿದ್ದ. ಎಪ್ಪತ್ತು ದಾಟಿದ ಗಟ್ಟಿ ಮನುಷ್ಯ. ಅವನ ಬೆನ್ನ ಹಿಂದೆ ಹುಲ್ಲಿನಲ್ಲಿ ಹೊಸ ಹಲಗೆ ನಿಂತಿತ್ತು: ನಮ್ಮ ಬಡಾವಣೆಗೆ ಕೈ ಹಚ್ಚಬೇಡಿ.

"ಏನು ತಾಯಿ, ಈಜಾಡ್ಕೊಂಡು ಬಂದ್ಯಾ?"

"ಶಾಲೆಗೆ ನಡ್ಕೊಂಡು ಹೋಗಿದ್ದೆ ನೆವ್."

"ಇಷ್ಟು ದೂರಾನಾ? ನನ್ನ ಕೂಗಬಾರದಿತ್ತಾ?"

"ದಿನಾ ಕೂಗಕ್ಕಾಗುತ್ತಾ?"

ಅವನು ಎಣ್ಣೆ ಬಟ್ಟೆ ಮಡಚಿದ. ಕೆರಿನ್ ಹಲಗೆಯ ಕಡೆ ಕಣ್ಣು ತಿರುಗಿಸಿದಳು. ನಗರಸಭೆ ಬಡಾವಣೆ ಕಟ್ಟುವ ನಿಯಮಗಳನ್ನು ತಿದ್ದಲು ಹೊರಟಿದ್ದು ಬೀದಿಯಲ್ಲೆಲ್ಲ ಗೊತ್ತಿತ್ತು. ಇನ್ನು ಮೇಲೆ ಮೂಲೆ ಸೈಟಿನಲ್ಲಿ ಸಣ್ಣ ಅಂಗಡಿ ಇಡಬಹುದು, ದೊಡ್ಡ ಮನೆಯ ಜಾಗದಲ್ಲಿ ಎರಡು ಚಿಕ್ಕ ಮನೆ ಕಟ್ಟಬಹುದು, ಫುಟ್‌ಪಾತ್ ಹಾಕಲೇಬೇಕು, ಮುಚ್ಚಿದ ಓಣಿಗಳನ್ನು ತೆರೆಯಬೇಕು. ಗುರುವಾರ ಸಂಜೆ ಸಭೆ. ಅವತ್ತೇ ಸದಸ್ಯರು ಕೈ ಎತ್ತಿ ಮತ ಹಾಕುವುದು.

"ನೀವು ಮಾತಾಡ್ತೀರಾ ಗುರುವಾರ?" ಎಂದು ಕೇಳಿದಳು.

"ಮಾತಾಡದೇ ಬಿಡ್ತೀನಾ? ಅಂಗಡಿಯಂತೆ, ಎರಡು ಮನೆಯಂತೆ. ನಾನು ಇಲ್ಲಿಗೆ ಬಂದಿದ್ದೇ ಇದೆಲ್ಲಾ ಇರಬಾರದು ಅಂತ."

ಒಳಗಿನಿಂದ ಅವನ ಹೆಂಡತಿ ಗ್ವೆನ್ ಕೂಗಿದಳು. "ಮೂಲೇಲಿ ಅಂಗಡಿ ಆದ್ರೆ ನಾನು ದಿನಾ ಅಲ್ಲೇ ಕೂತು ಕಾಫಿ ಕುಡೀತೀನಿ, ಹೇಳಿದ್ದೀನಿ! ನಿನ್ನ ಮುಖಕ್ಕಿಂತ ಆ ಕಾಫಿನೇ ವಾಸಿ."

"ಕೇಳ್ದಾ?" ಎಂದ ನೆವ್. "ಮನೇಲೇ ವಿರೋಧ ಪಕ್ಷ. ನೀನೂ ಬರ್ತೀಯಾ ಸಭೆಗೆ?"

"ಬರಬೇಕು ಅಂತಿದೆ. ಹೇಗೆ ಅಂತ ಗೊತ್ತಿಲ್ಲ."

"ನನ್ನ ಕಾರಲ್ಲಿ ಬಾ. ನೀನು ಅವರ ಪರ, ನಾನು ಅವರ ವಿರುದ್ಧ. ಪೆಟ್ರೋಲ್ ಮಾತ್ರ ಒಂದೇ."

ಗುರುವಾರ ಸಂಜೆ ಅವನ ಹಳೆಯ ಉದ್ದ ಕಾರಿನಲ್ಲಿ ನಾಲ್ವರೂ ಹೊರಟರು. ಮನೆಯಲ್ಲಿ ಜೊತೆಗಿರಲು ಯಾರೂ ಇಲ್ಲದ್ದರಿಂದ ಮಾರ್ಲಿಯೂ ಬಂದಿದ್ದಳು; ಹಿಂದೆ ಗ್ವೆನ್ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಮುಂದೆ ಕೂತ ಕೆರಿನ್ ತಾನು ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಒಪ್ಪ ಮಾಡಿಕೊಳ್ಳುತ್ತಿದ್ದಳು.

"ರಜಕ್ಕೆ ಎಲ್ಲಿ ಹೋಗ್ತೀಯಾ ಬಂಗಾರ?" ಎಂದು ಗ್ವೆನ್ ಕೇಳಿದಳು.

"ಶೋನಾ ಆಂಟಿ ಮನೆಗೆ, ಜೆರಾಲ್ಡ್‌ಟನ್‌ಗೆ."

"ಓ, ಒಳ್ಳೇದಾಯ್ತು. ಸಮುದ್ರ ಇದೆಯಲ್ಲ ಅಲ್ಲಿ. ಯಾವಾಗ ವಾಪಸ್ಸು?"

"ಬರಲ್ಲ ಅನ್ಸತ್ತೆ," ಎಂದಳು ಮಾರ್ಲಿ, ಬಿಸ್ಕತ್ತಿನ ಪುಡಿ ಕೊಡವುತ್ತ. "ಅಲ್ಲಿ ನಂಗೆ ಮಂಚ ತಂದಿದಾರೆ. ಶಾಲೆ ಎದುರಿಗೇ ಇದೆ. ಇಲ್ಲಿ ಶಾಲೆಗೆ ಹೋಗಕ್ಕಾಗಲ್ವಲ್ಲ, ಅದಕ್ಕೆ."

ಕೆರಿನ್ ಈ ವಿಷಯದ ಒಂದು ಮಾತನ್ನೂ ಮಗಳ ಮುಂದೆ ಆಡಿರಲಿಲ್ಲ. ಬಾಗಿಲು ಮುಚ್ಚಿಯೇ ಫೋನಿನಲ್ಲಿ ಮಾತಾಡುತ್ತಿದ್ದಳು. ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿತ್ತೇ ಈ ಮಗು? ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಗ್ವೆನ್ ಮಾರ್ಲಿಯ ಕೈಗೆ ಇನ್ನೊಂದು ಬಿಸ್ಕತ್ತು ಕೊಟ್ಟಳು. ಎಡಕ್ಕೆ ತಿರುಗಿ ಬಹಳ ಹೊತ್ತಾದರೂ ನೆವ್‌ನ ಕಾರಿನ ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅವನು ಅದನ್ನು ಆರಿಸಲಿಲ್ಲ.

ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ನಗರಸಭೆಯ ಯೋಜನಾಧಿಕಾರಿ ಲಿಯೆನ್ ಎಂಬ ಹುಡುಗಿ ನಕ್ಷೆ ತೋರಿಸಿ ವಿವರಿಸಿದಳು. ಒಬ್ಬ ಎದ್ದು, ಅಂಗಡಿ ಬಂದರೆ ಕಾರು ಎಲ್ಲಿ ನಿಲ್ಲಿಸುವುದು ಎಂದ. ನಡೆದುಕೊಂಡು ಬರಲಿ ಎಂದೇ ಅಂಗಡಿ ಎಂದು ಲಿಯೆನ್ ಹೇಳಿದರೆ, "ಸರಿ, ಆದ್ರೆ ಕಾರು ಎಲ್ಲಿ ನಿಲ್ಲಿಸೋದು?" ಎಂದು ಮತ್ತೆ ಕೇಳಿದ. ಮನೆಗಳ ಬೆಲೆ ಬಿದ್ದುಹೋಗುತ್ತದೆ ಎಂದಳು ಒಬ್ಬಳು. ಇನ್ನೊಬ್ಬಳು ಏರಿಬಿಡುತ್ತದೆ, ನಮ್ಮ ಮಕ್ಕಳು ಕೊಳ್ಳುವುದು ಹೇಗೆ ಎಂದಳು. ಇಬ್ಬರಿಗೂ ಚಪ್ಪಾಳೆ ಬಿತ್ತು.

ಕೆರಿನ್‌ಳ ಹೆಸರು ಕರೆದಾಗ ಒಪ್ಪ ಮಾಡಿಟ್ಟಿದ್ದ ಮಾತೆಲ್ಲ ಹಾರಿಹೋಗಿತ್ತು. ಮೈಕಿನ ಮುಂದೆ ಹೋಗಿ ನಿಂತಳು.

"ನಮ್ಮನೆ ಹಿತ್ತಲಲ್ಲಿ ಬಟ್ಟೆ ಒಣಗ್ಹಾಕ್ತಾ ಇದ್ರೆ ಶಾಲೆಯ ಗಂಟೆ ಕೇಳ್ಸತ್ತೆ. ನಂಗೆ ಫಿಟ್ಸ್ ಬಂದಿತ್ತು, ಅದಕ್ಕೆ ಕಾರು ಓಡಿಸೋ ಹಾಗಿಲ್ಲ. ಕಾಲು ಚೆನ್ನಾಗೇ ಇದೆ. ಶಾಲೆ ಪಕ್ಕದಲ್ಲೇ ಇದೆ. ಆದ್ರೂ ನನ್ನ ಮಗಳನ್ನ ಬೇರೆ ಊರಿಗೆ ಕಳಿಸಬೇಕಾಗಿದೆ. ಯಾಕೆ ಅಂತ ಅವಳಿಗೆ ಹೇಳಕ್ಕೆ ನಂಗೆ ಬರ್ತಿಲ್ಲ. ಗೋಡೆ ಇದೆ ಅಂತ ಹೇಳ್ಲಾ?" ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಅಷ್ಟೇ," ಎಂದು ಬಂದು ಕೂತಳು.

ಮುಂದಿನ ಹೆಸರು ನೆವ್‌ನದು. ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಓದಲು ಏನೂ ಇಲ್ಲದ್ದರಿಂದ ಮತ್ತೆ ತೆಗೆದ.

"ಆ ಓಣಿ ಮುಚ್ಚಿಸಿದೋನು ನಾನೇ. ಮನೆ ಮನೆಗೆ ಹೋಗಿ ಸಹಿ ಹಾಕ್ಸಿದ್ದು ನಾನು. ಅದು ತಪ್ಪು ಅಂತ ಈಗ್ಲೂ ಹೇಳಲ್ಲ. ದಿನಾ ಬೆಳಿಗ್ಗೆ ಒಡೆದ ಗಾಜು ಗುಡಿಸ್ತಿದ್ದೆ, ನೀವ್ಯಾರೂ ಬಂದು ಗುಡಿಸ್ಲಿಲ್ಲ. ಆದ್ರೆ ಒಂದು ಮಾತು. ನಾವು ಮೊದ್ಲು ಕೇಳಿದ್ದು ಗೋಡೆ ಅಲ್ಲ. ಒಂದು ದೀಪ ಹಾಕ್ಸಿಕೊಡಿ ಅಂದ್ವಿ. ದೀಪಕ್ಕೆ ದುಡ್ಡಿಲ್ಲ ಅಂದ್ರು, ಆಮೇಲೆ ಗೋಡೆ ಕಟ್ಟಿಕೊಟ್ರು. ಗೋಡೆಗೆ ಎಲ್ಲಿಂದ ಬಂತೋ ದುಡ್ಡು!"

ಸಭೆಯಲ್ಲಿ ನಗು ಎದ್ದಿತು.

"ಈಗ ನಾನು ಕೇಳೋದು ಅಷ್ಟೇ. ಆ ಓಣಿಗೆ ದೀಪ ಹಾಕ್ತೀರಾ? ಎರಡೂ ಕಡೆ ಬೇಲಿ ಎದೆಮಟ್ಟಕ್ಕೆ ಇಳಿಸ್ತೀರಾ, ಒಳಗೆ ಯಾರಿದ್ದಾರೆ ಅಂತ ನಮ್ಮ ಅಡುಗೆಮನೆಯಿಂದ್ಲೇ ಕಾಣೋ ಹಾಗೆ? ಹಾಕ್ತೀರಿ ಅಂದ್ರೆ ನಾನು ದೋಣಿ ತೆಗೀತೀನಿ. ಅಂಗಡಿ ವಿಷಯದಲ್ಲಿ ನನ್ನ ವಿರೋಧ ಇದ್ದೇ ಇದೆ, ಬರ್ಕೊಳ್ಳಿ."

"ನೆವ್, ನಿನ್ನ ದೋಣಿ ನೀರು ಕಂಡು ಎಷ್ಟು ವರ್ಷ ಆಯ್ತಪ್ಪಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮಳೆ ನೀರು ಕಾಣತ್ತೆ ವರ್ಷಾ ವರ್ಷಾ!" ಎಂದಳು ಗ್ವೆನ್.

ಅಂಗಡಿಯ ಪಾರ್ಕಿಂಗ್ ಮಾತು ಮುಂದಿನ ಸಭೆಗೆ ಹೋಯಿತು. ಉಳಿದ ನಿಯಮಗಳಿಗೆ ಒಂದು ಕೈ ಹೆಚ್ಚಾಗಿ ಒಪ್ಪಿಗೆ ಸಿಕ್ಕಿತು. ಕೆರಿನ್ ಸಂತೋಷ ಪಡಲು ಹೊರಟವಳು ತಡೆದುಕೊಂಡಳು. ರಾಜ್ಯ ಸರ್ಕಾರ ಒಪ್ಪಿ, ಅದು ಜಾರಿಗೆ ಬರಲು ವರ್ಷವೇ ಆಗಬಹುದೆಂದು ಲಿಯೆನ್ ಆಗಲೇ ಹೇಳಿದ್ದಳು. ಆದರೆ ಸಭೆ ಮುಗಿದ ಮೇಲೆ ಚಹಾದ ಮೇಜಿನ ಹತ್ತಿರ ಆ ಹುಡುಗಿಯೇ ನೆವ್‌ನನ್ನು ಹುಡುಕಿಕೊಂಡು ಬಂದಳು.

"ಸರ್, ಓಣಿ ಜಾಗ ನಗರಸಭೆದೇ. ನಿಮಗೆ ಬಾಡಿಗೆಗೆ ಕೊಟ್ಟಿರೋದು ಅಷ್ಟೇ. ನೀವಾಗೇ ಬಿಟ್ಟುಕೊಟ್ರೆ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ರಜೆಯೊಳಗೇ ಗೋಡೆ ತೆಗೆಸ್ತೀನಿ. ದೀಪ ಹಾಕಿಸ್ತೀನಿ, ಬೇಲಿ ಕೂಡ ಇಳಿಸ್ತೀವಿ."

ನೆವ್ ಚಹಾ ಊದಿಕೊಂಡು ಕುಡಿದ. "ಮೊದಲು ದೀಪ ತೋರ್ಸು," ಎಂದ.

ಅವಳು ತೋರಿಸಿದಳು. ರಜೆಯ ಮೊದಲ ವಾರದಲ್ಲೇ ಒಂದು ಲಾರಿ ಬಂದು ಓಣಿಯ ನಡುವಿಗೆ ಕಂಬ ನೆಟ್ಟಿತು. ನೆವ್ ಕೈ ಕಟ್ಟಿ ನಿಂತು ಬೆಳಕು ಹತ್ತುವುದನ್ನು ನೋಡಿದ. ಮಾರನೆಯ ಶನಿವಾರ ಬೀದಿಯವರೆಲ್ಲ ಸೇರಿ ದೋಣಿ ಎಳೆದರು. ಟ್ರೈಲರಿನ ಟೈರುಗಳು ನೆಲಕ್ಕೆ ಅಂಟಿಕೊಂಡಿದ್ದವು, ಅಚ್ಚು ತುಕ್ಕು ಹಿಡಿದಿತ್ತು. ಆ ವಾರ ಮನೆಗೆ ಬಂದಿದ್ದ ಡ್ಯಾರೆಲ್ ಹಿಂದಿನಿಂದ ಭುಜ ಕೊಟ್ಟ. ದೋಣಿಯ ಕೆಳಗಿನಿಂದ ಎರಡು ಮೊಂಡುಬಾಲದ ದಪ್ಪ ಹಲ್ಲಿಗಳು ಹೊರಬಂದು, ನೀಲಿ ನಾಲಿಗೆ ಚಾಚಿ ಎಲ್ಲರನ್ನೂ ಬೈದು, ಗ್ವೆನ್‌ಳ ಹೂವಿನ ಪಾತಿಯೊಳಗೆ ಹೋದವು.

"ಬಾಡಿಗೆದಾರರನ್ನ ಎಬ್ಬಿಸಿದ್ರಲ್ಲೋ," ಎಂದ ನೆವ್. ಅವನು ದೋಣಿಯನ್ನು ತನ್ನ ಮನೆಯ ಮುಂದಿನ ಹುಲ್ಲಿನ ಮೇಲೆ, ಆ ಹಲಗೆಯನ್ನು ಕಿತ್ತು ಅದರ ಜಾಗದಲ್ಲೇ ನಿಲ್ಲಿಸಿದ. ಮಾರಾಟಕ್ಕಿದೆ ಎಂದು ಗ್ವೆನ್ ಬರೆದು ಅಂಟಿಸಿದ ಕಾಗದವನ್ನು ಮಾತ್ರ ಸಂಜೆಯೊಳಗೆ ಎರಡು ಸಲ ಹರಿದ.

ಆಚೆ ತುದಿಯ ಗೋಡೆ ಮಂಗಳವಾರ ಬಿತ್ತು, ಎರಡೂ ಕಡೆಯ ಬೇಲಿ ಎದೆಮಟ್ಟಕ್ಕೆ ಇಳಿಯಿತು, ಶಾಲೆಯವರು ಹಿಂದಿನ ಗೇಟಿನ ಬೀಗ ತೆಗೆದರು. ಅವತ್ತು ಕೆರಿನ್ ಅಕ್ಕನಿಗೆ ಫೋನು ಮಾಡಿದಳು. ಈ ಸಲ ಕೋಣೆಯ ಬಾಗಿಲು ಮುಚ್ಚಲಿಲ್ಲ.

"ಶೋನಾ, ಮಾರ್ಲಿ ಇಲ್ಲೇ ಇರ್ತಾಳೆ."

"ಒಂದು ಗೋಡೆ ಒಡೆದ್ರು ಅಂತ ಅಷ್ಟು ದೊಡ್ಡ ಮಾತಾ? ನನ್ನ ಹೊಸ ಮಂಚ?"

"ಮಂಚದಲ್ಲಿ ಮಲಗಕ್ಕೆ ಮುಂದಿನ ರಜಕ್ಕೆ ಬರ್ತೀವಿ. ಇಬ್ಬರೂ."

ಶೋನಾ, "ಸದ್ಯ," ಎಂದಳು. "ನಿಜ ಹೇಳ್ಲಾ? ನೀನು ಹೂಂ ಅಂದ್ಬಿಟ್ರೆ ಆ ಮಗು ದಿನಾ ರಾತ್ರಿ ನಿನ್ನ ನೆನೆಸ್ಕೊಂಡು ಅತ್ರೆ ನಾನೇನು ಮಾಡ್ಲಿ ಅಂತ ನಂಗೇ ಹೆದರಿಕೆ ಆಗಿತ್ತು."

ಕೆರಿನ್ ಫೋನಿಟ್ಟು ಅಡುಗೆಕಟ್ಟೆಗೆ ಎರಡೂ ಕೈ ಊರಿ ನಿಂತಳು. ಕಣ್ಣಲ್ಲಿ ನೀರು ತಾನಾಗಿಯೇ ಇಳಿಯಿತು. ಒಲೆಯ ಮೇಲೆ ಹಾಲು ಉಕ್ಕಿ, ಅದನ್ನು ಒರೆಸುವ ಕೆಲಸ ಬಂದದ್ದು ಒಳ್ಳೆಯದೇ ಆಯಿತು. ಮಾರ್ಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಬಟ್ಟೆ ತಂದುಕೊಟ್ಟಳು.

ಶಾಲೆ ಮತ್ತೆ ಶುರುವಾದ ದಿನ ಡ್ಯಾರೆಲ್ ಗಣಿಗೆ ಹೊರಟುಹೋಗಿದ್ದ. ಕೆರಿನ್ ಅಭ್ಯಾಸದಂತೆ ಬೇಗ ಬೇಗ ತಯಾರಾಗಿ, ಡಬ್ಬಿಗೆ ಊಟ ತುಂಬಿ, ಗಡಿಬಿಡಿಯಲ್ಲಿ ಬಾಗಿಲು ಹಾಕಿಕೊಂಡು ಹೊರಗೆ ಬಂದಳು. ಬಂದ ಮೇಲೆ ಗಡಿಬಿಡಿಗೆ ಕಾರಣವೇ ಇಲ್ಲವೆಂದು ನೆನಪಾಯಿತು. ಇಷ್ಟು ಬೇಗ ಹೋಗಿ ಮಾಡುವುದೇನು? ನಡೆದರೆ ಈಗಲೇ ಮುಟ್ಟಿಬಿಡುತ್ತಾರೆ.

ಓಣಿಯಲ್ಲಿ ಇನ್ನೂ ಹಸಿ ಸಿಮೆಂಟಿನ ವಾಸನೆ ಇತ್ತು. ದೋಣಿ ನಿಂತಿದ್ದ ಕಡೆ ನೆಲ ಬೇರೆ ಬಣ್ಣಕ್ಕೆ ತಿರುಗಿ ಉದ್ದಕ್ಕೆ ಮಚ್ಚೆ ಬಿದ್ದಿತ್ತು. ಎದೆಮಟ್ಟದ ಬೇಲಿಯ ಆಚೆಯಿಂದ ಗ್ವೆನ್ ಕೈ ಬೀಸಿದಳು. ಅವಳ ಕಿಟಕಿಯಿಂದ ಹುರಿದ ಈರುಳ್ಳಿಯ ಘಮ ಬರುತ್ತಿತ್ತು.

"ನೆವ್, ನಿನ್ನ ದೋಣಿ ಮಾರಿದ್ಯಾ?" ಎಂದು ಮಾರ್ಲಿ ಬೇಲಿಯ ಮೇಲಿಂದ ಕೂಗಿದಳು.

"ಮೋಟಾರು ಸರಿಮಾಡಿ ಆಮೇಲೆ!" ಎಂದು ಒಳಗಿನಿಂದ ಉತ್ತರ ಬಂತು.

ಮುಂದೆ ಒಬ್ಬ ಅಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಯಾವ ಬೀದಿಯವನೋ, ಕೆರಿನ್ ನೋಡಿರಲಿಲ್ಲ. ಅವನು ತಿರುಗಿ "ಗುಡ್ ಮಾರ್ನಿಂಗ್" ಎಂದ. ಕಾರು ಕೆಟ್ಟಿತೇ ಎಂದು ಕೇಳಲಿಲ್ಲ. ಅವರು ಮುಂದೆ ಹೋದ ಮೇಲೆ ಓಣಿ ಸ್ತಬ್ಧವಾಯಿತು. ಮಾರ್ಲಿ ನಿಧಾನವಾಗುತ್ತ ಬಂದಳು. ಬೇಲಿಯ ತಗಡಿನ ಏರಿಳಿತದ ಮೇಲೆ ಬೆರಳಾಡಿಸುತ್ತ, ಆಮೇಲೆ ಅದನ್ನೂ ನಿಲ್ಲಿಸಿ, ಅಮ್ಮನ ಕೈ ಹಿಡಿದುಕೊಂಡಳು. ಕೆರಿನ್ ಅವಳ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿದಳು. ಏನು ಎಂದು ಕೇಳಲಿಲ್ಲ. ಶಾಲೆಯ ಬಯಲಿನಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು, ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

"ಅಮ್ಮಾ."

"ಹೂಂ."

ಮಾರ್ಲಿ ನಿಂತಳು. ತನ್ನ ಶೂ ನೋಡುತ್ತ ನಿಂತಳು. ಕೆರಿನ್ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. ಇನ್ನು ಯಾವ ಲಾರಿಯೂ ಬರುವುದಿಲ್ಲ ಎಂದು ಅವಳಿಗೆ ಎಂಥ ನೆಮ್ಮದಿ ಅನಿಸಿತೆಂದರೆ, ಮಗಳು ಏನು ಕೇಳಿದರೂ ಕೇಳಲಿ, ತಾನು ಹೊರಬಲ್ಲೆ ಅನಿಸಿತು.

"ಅವತ್ತು ನಾನು ಜಡೆ ಹಾಕಿಸ್ಕೊಳಲ್ಲ ಅಂತ ಕಿರುಚಿದ್ನಲ್ಲ," ಎಂದಳು ಮಾರ್ಲಿ. "ನೀನು ಸುಮ್ನಿರು ಅಂದ್ರೂ ಕಿರುಚ್ತಾನೇ ಇದ್ದೆ. ಆಮೇಲೆ ನೀನು ಬಿದ್ದೆ." ಅವಳ ಗದ್ದ ಅದುರಿತು. "ಅಮ್ಮಾ, ನೀನು ಬಿದ್ದಿದ್ದು ನನ್ನಿಂದಾನಾ?"